ಗುಂಡನ ಕೆಂಪು ತೊಡೆ

ಮಕ್ಕಳೇ, ಹೋದ ವರ್ಷ ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿ ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆ ಸಾಕಿದ್ದ. ಹೆಸರು ಗುಂಡ. ಮೊಮ್ಮಗ ಒಂದು ವಾರ ಶಿಬಿರಕ್ಕೆ ಹೋದಾಗ ನೀರು ಬದಲಿಸುವ ಕೆಲಸ ನನ್ನದಾಯಿತು. ನಾನು ಮರೆತೇಬಿಟ್ಟೆ.

ಅವನು ಬರುವಷ್ಟರಲ್ಲಿ ಗುಂಡ ಹುಳು ಮುಟ್ಟದೆ ಮಂಕಾಗಿ ಕೂತಿದ್ದ. "ಅಜ್ಜೀ, ತೊಡೆಯೆಲ್ಲ ಕೆಂಪಾಗಿದೆ!"

"ಅರಿಶಿನ ಹಚ್ಚೋಣವೇನೋ?" ಎಂದೆ.

"ಬೇಡಜ್ಜಿ, ಕಪ್ಪೆ ನೀರು ಕುಡಿಯೋದೇ ಚರ್ಮದಿಂದ. ಹಚ್ಚಿದ್ದೆಲ್ಲ ಒಳಗೆ ಹೋಗುತ್ತೆ."

ಕಪ್ಪೆಗಳನ್ನು ಬಲ್ಲ ಪಶುವೈದ್ಯರ ಬಳಿ ಒಯ್ದೆವು. ಬ್ಯಾಕ್ಟೀರಿಯಾ ಸೋಂಕು ಎಂದರು. ಕೊಳೆ ನೀರು ಅದಕ್ಕೆ ದಾರಿಯಂತೆ. ನನಗೆ ತಲೆಯೆತ್ತಲಾಗಲಿಲ್ಲ. ಔಷಧಿ ಕೊಟ್ಟು ಹೇಳಿದರು: ಬೇರೆ ಪೆಟ್ಟಿಗೆಯಲ್ಲಿ ಒದ್ದೆ ಕಾಗದದ ಮೇಲಿಡಿ, ಕ್ಲೋರಿನ್ ಇಲ್ಲದ ನೀರನ್ನು ದಿನವೂ ಬದಲಿಸಿ, ಸೋಪಿನ ಅಂಶವಿಲ್ಲದ ಒದ್ದೆ ಕೈಯಲ್ಲೇ ಮುಟ್ಟಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ದಿನವೂ ನೀರು ಬದಲಿಸಿದವಳು ನಾನೇ. ಮೂರನೇ ವಾರ ಒಂದು ಸಂಜೆ ಗುಂಡ ಹುಳುವಿನ ಮೇಲೆ ಛಂಗನೆ ಹಾರಿದ! ಮೊಮ್ಮಗ ನನ್ನನ್ನು ಅಪ್ಪಿಕೊಂಡ.

ನೀವು ಮಾತ್ರ ಗದ್ದೆಯ ಕಪ್ಪೆ ಹಿಡಿದು ತರಬೇಡಿ, ಮಕ್ಕಳೇ. ಅದರ ಆರೋಗ್ಯ ಗದ್ದೆಯಲ್ಲೇ ಇದೆ.