ಅಜ್ಜಿಯ ಪೆನ್ಷನ್ ತಿಂದವರು

ಹಾಸ್ಟೆಲ್ ಗೆಳೆಯರೇ, ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಬಿ.ಎ. ಎರಡನೇ ವರ್ಷದ ಪರೀಕ್ಷೆ ಫೀಜು ಕಟ್ಟಿದ್ದು ನಮ್ಮಜ್ಜಿಯ ಪೆನ್ಷನ್ನಿನಿಂದ. ಕೇಳಿದೆ, ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಆ ತಿಂಗಳು ಅವಳು ಬಿ.ಪಿ. ಗುಳಿಗೆ ನುಂಗಲೇ ಇಲ್ಲ ಅನ್ನೋದು ಗೊತ್ತಾದದ್ದು ತಲೆ ಸುತ್ತಿ ನಲ್ಲಿ ಹತ್ತಿರ ಬಿದ್ದ ಮೇಲೆ. ಸರ್ಕಾರಿ ಆಸ್ಪತ್ರೇಲಿ ಬಿಟ್ಟಿ ಸಿಗಲ್ವಾ ಅಂತೀರಿ. ಇದ್ದ ದಿನ ಸಿಗ್ತದೆ, ಇಲ್ಲದ ದಿನ ಹೊರಗೆ ಬರೆದುಕೊಡ್ತಾರೆ.

ಜೀವಮಾನವೆಲ್ಲ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದ ಕೈ ಅದು. ಹೆಬ್ಬೆಟ್ಟಿನ ಗೆರೆ ಸವೆದು ಮಿಷನ್ನು ಗುರುತು ಹಿಡಿಯಲ್ಲ. 'ನಾಳೆ ಬಾ ಅಜ್ಜಿ' ಅಂತಾರೆ. ಆ ಗೆರೆ ಸವೆದದ್ದು ಯಾರ ಹೊಲದಲ್ಲಿ ಅಂತ ಯಾರೂ ಕೇಳಲ್ಲ.

ಲೆಕ್ಕ ನೋಡಿ. 1995ರಲ್ಲಿ ಕೇಂದ್ರ ಸರ್ಕಾರ ವೃದ್ಧಾಪ್ಯ ಪಿಂಚಣಿ ಶುರು ಮಾಡಿದಾಗ ತಿಂಗಳಿಗೆ 75 ರೂಪಾಯಿ. 2007ರಲ್ಲಿ ಇಂದಿರಾ ಗಾಂಧಿ ಹೆಸರಿಟ್ಟಾಗ ಕೇಂದ್ರದ ಪಾಲು 200. ಎಂಬತ್ತು ತುಂಬದವರಿಗೆ 2023ರಲ್ಲೂ ಅದೇ 200. ಕರ್ನಾಟಕ ಸರ್ಕಾರ 2021ರಲ್ಲಿ ಸಂಧ್ಯಾ ಸುರಕ್ಷಾ ಹಣವನ್ನು 1000ದಿಂದ 1200ಕ್ಕೆ ಏರಿಸಿತು. ದಿನಕ್ಕೆ 40 ರೂಪಾಯಿ ಆಯ್ತು. ನಿವೃತ್ತ ಸಾಹೇಬರಿಗಾದರೆ ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಏರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಅಜ್ಜಿಗೇನು ತೊಗರಿಬೇಳೆ ಹಳೇ ರೇಟಿಗೆ ಸಿಗುತ್ತದಾ?

ದಕ್ಷಿಣ ಆಫ್ರಿಕಾದ ಕಥೆ ನಾವು ಓದಲೇಬೇಕು. 1928ರ ಪೆನ್ಷನ್ ಕಾಯಿದೆ ಅಲ್ಲಿನ ಕರಿಯರನ್ನು ಹೊರಗಿಟ್ಟಿತ್ತು. 1944ರಲ್ಲಿ ಒಳಗೆ ಬಿಟ್ಟುಕೊಂಡರೂ ಬಿಳಿಯರಿಗಿಂತ ತೀರಾ ಕಡಿಮೆ ಕೊಟ್ಟರು. ಎಲ್ಲರಿಗೂ ಸಮ ಆದದ್ದು 1993ರಲ್ಲಿ. ಆಮೇಲೆ ಆನ್ ಕೇಸ್ ಎಂಬ ಅರ್ಥಶಾಸ್ತ್ರಜ್ಞೆ ಅಲ್ಲಿನ ಮನೆಗಳನ್ನು ನೋಡಿ 2001ರಲ್ಲಿ ಬರೆದರು. ದುಡ್ಡನ್ನು ಒಟ್ಟಿಗೆ ಹಾಕಿ ಬದುಕುವ ಮನೆಗಳಲ್ಲಿ ಪೆನ್ಷನ್ನು ಎಲ್ಲ ದೊಡ್ಡವರ ಆರೋಗ್ಯವನ್ನೂ ಕಾಯುತ್ತಿತ್ತು. ಒಟ್ಟಿಗೆ ಹಾಕದ ಮನೆಗಳಲ್ಲಿ ಮುದುಕರದ್ದನ್ನು ಮಾತ್ರ. ಹೊಟ್ಟೆ ತುಂಬ ಊಟ, ಒಳ್ಳೇ ನೀರು, ನಾಳೆಯ ಚಿಂತೆ ಕಡಿಮೆ, ಇಷ್ಟೇ ಅದರ ಔಷಧಿ. ಆದರೆ ಅಲ್ಲಿ ಕೊಡುತ್ತಿದ್ದದ್ದು ಕರಿಯರ ಮನೆಗಳ ತಲಾ ಆದಾಯದ ಸುಮಾರು ಎರಡು ಪಟ್ಟು. ಹಂಚಿದರೂ ಅಜ್ಜಿಯ ತಟ್ಟೆಯಲ್ಲಿ ಉಳಿಯುತ್ತಿತ್ತು.

ನಮ್ಮ 40 ರೂಪಾಯಿಯನ್ನು ಹಂಚಿದರೆ ಏನು ಉಳಿದೀತು? ಹಂಚಬೇಡ ಅಂದರೆ ಕೇಳುವ ಅಜ್ಜಿ ನಮ್ಮ ಕೇರೀಲಿ ಯಾರಿದ್ದಾರೆ? ಅವಳ ಆಯಸ್ಸಿನ ಒಂದೆರಡು ವರ್ಷ ನನ್ನ ಅಂಕಪಟ್ಟಿಯಲ್ಲಿ ಸೇರಿದೆಯೋ ಏನೋ, ಎಣಿಸಲು ಹೆದರಿಕೆ ಆಗುತ್ತದೆ. ನಮ್ಮ ಸ್ಕಾಲರ್‌ಶಿಪ್ ತಡವಾದರೆ ಧರಣಿ ಕೂರುತ್ತೇವೆ. ಅವರ ಪೆನ್ಷನ್ ನಿಂತರೆ?

ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ಯಾರ ಹಣ ಎಷ್ಟು ತಿಂಗಳಿಂದ ಬಂದಿಲ್ಲ, ಬರೆದುಕೊಂಡು ಬನ್ನಿ. ನಾಡಕಚೇರಿ ಮುಂದೆ ಅವರ ಜೊತೆ ನಾವೂ ಸಾಲಿನಲ್ಲಿ ನಿಲ್ಲೋಣ.