ದಾರಿ ಮತ್ತು ಬಾಗಿಲು

ಮಧ್ಯಯುಗದ ನಮ್ಮ ಹಳ್ಳಿಗಳು ಹೊರಜಗತ್ತನ್ನರಿಯದೆ ಬಾಳಿದುವೆಂಬ ಮಾತು ಕೇಳಿಬರುವುದುಂಟು. ಇದು ಪೂರ್ಣಸತ್ಯವಲ್ಲ. ಲಚ್ಯಾಣವಿರುವ ಇಂಡಿ ತಾಲ್ಲೂಕಿನಲ್ಲಿಯೇ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರ ವೇಳೆಗೆ, ಅಲ್ಲಿನ ವಿದ್ಯಾಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳಿದ್ದುವೆಂದು ಶಾಸನವು ತಿಳಿಸುತ್ತದೆ. ಮದುವೆ, ಉಪನಯನಗಳಲ್ಲಿ ಊರವರು ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು.

ವ್ಯಾಪಾರದ ದಾರಿಯಾದರೋ ಇನ್ನೂ ದೀರ್ಘವಾದುದು. ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವನ್ನು ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ 1088ರ ತಮಿಳು ಶಾಸನವು ಹೆಸರಿಸುತ್ತದೆ. ಶೈವ, ವೈಷ್ಣವ, ಜೈನ ದೇಗುಲಗಳಿಗೆಲ್ಲ ಈ ವರ್ತಕರು ದಾನವಿತ್ತರು. ಪರಧರ್ಮ ಸಹನೆಯಿಲ್ಲದೆ ಪರಊರಿನ ವ್ಯಾಪಾರವೆಲ್ಲಿ?

ಆದರೆ ದಾರಿ ತೆರೆದಿದ್ದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅಗ್ರಹಾರದ ವಿದ್ಯೆಯು ಹುಟ್ಟನ್ನು ನೋಡಿ ದೊರೆಯುತ್ತಿತ್ತು. 12ನೆಯ ಶತಮಾನದಲ್ಲಿ ಇದೇ ಸೀಮೆಯ ಬಾಗೇವಾಡಿಯ ಬಸವಣ್ಣನವರೂ ಹಿಪ್ಪರಗಿಯ ಮಡಿವಾಳ ಮಾಚಯ್ಯನೂ ಕಲ್ಯಾಣದಲ್ಲಿ ಸಮಾನರಾಗಿ ಕಲೆತಾಗ ಆ ಬಾಗಿಲು ಅಲುಗಿತು. ನಾಡಿನ ಹಿರಿಮೆಯನ್ನು ಅದರ ಸರಕು ಹೋದ ದೂರದಿಂದ ಮಾತ್ರವೇ ಅಳೆಯಬಾರದು. ಅದರ ಬಾಗಿಲು ಯಾರಿಗೆ ತೆರೆಯಿತೆಂಬುದರಿಂದಲೂ ಅಳೆಯಬೇಕು.