ಅಲುಗಾಡದವನಿಗೆ ಬೆಳಕಿಲ್ಲವೇ?

ಮಗ ಮನೆ ದುರಸ್ತಿ ಮಾಡಿಸುವಾಗ ನನ್ನ ಓದುವ ಕೋಣೆಯ ಸ್ವಿಚ್ಚನ್ನೂ ತೆಗೆಸಿ, ಚಲನೆಯನ್ನು ಗುರುತಿಸುವ ಸೆನ್ಸರ್ ಹಾಕಿಸಿದ. "ಅಪ್ಪಾ, ಇನ್ನು ದೀಪ ಆರಿಸುವ ಚಿಂತೆಯೇ ಇಲ್ಲ" ಎಂದ. ಮೊದಲ ಸಂಜೆಯೇ, ನಾನು ಪುಸ್ತಕದಲ್ಲಿ ಮುಳುಗಿದ್ದಾಗ ದೀಪ ಆರಿಹೋಯಿತು. ನಾನಿಲ್ಲಿದ್ದೇನೆಂದು ಅದಕ್ಕೆ ಕೈಬೀಸಿ ತಿಳಿಸಬೇಕಾಯಿತು!

ಕಾರಣ ಸರಳ. ಈ ಸೆನ್ಸರ್ ಮನುಷ್ಯನನ್ನು ಕಾಣುವುದಿಲ್ಲ. ಮೈಯಿಂದ ಹೊಮ್ಮುವ ಅವಕೆಂಪು ಕಿರಣಗಳು ಅತ್ತಿತ್ತ ಸರಿದಾಗಿನ ಬದಲಾವಣೆಯನ್ನಷ್ಟೇ ಗ್ರಹಿಸುತ್ತದೆ. ಓದುವವನು, ಜಪಕ್ಕೆ ಕುಳಿತವಳು, ಹಾಸಿಗೆ ಹಿಡಿದವರು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಉಸಿರಾಟದ ಅಲುಗಾಟವನ್ನೂ ಹಿಡಿಯಬಲ್ಲ ರೇಡಾರ್ ಸೆನ್ಸರುಗಳಿವೆ, ನಿಜ. ಆದರೆ ನಮ್ಮ ಗೋಡೆಯ ಮೇಲಿರುವುದು ಅದಲ್ಲ.

ಉಳಿತಾಯವೆನ್ನುವಿರಾ? ಲೆಕ್ಕ ಮಾಡೋಣ. 9 ವ್ಯಾಟಿನ ಎಲ್‌ಇಡಿ ಬಲ್ಬು 100 ಗಂಟೆ ಉರಿದರೂ ಒಂದು ಯೂನಿಟ್ ಆಗದು. ಅರ್ಧ ವ್ಯಾಟ್ ಬಳಸುವ ಸೆನ್ಸರ್ ದಿನವಿಡೀ ಕಾದು ಕುಳಿತರೆ 12 ವ್ಯಾಟ್-ಗಂಟೆ. ಮರೆತುಬಿಟ್ಟ ಬಲ್ಬು ಒಂದು ಗಂಟೆಯಲ್ಲಿ ನುಂಗುವುದು 9 ಮಾತ್ರ. ಕಾವಲುಗಾರನ ಸಂಬಳವೇ ಕಳುವಿಗಿಂತ ಹೆಚ್ಚಾಯಿತಲ್ಲ!

ಮೆಟ್ಟಿಲಿಗೆ, ರಾತ್ರಿಯ ಬಚ್ಚಲಿಗೆ ಅದು ಇರಲಿ. ಕತ್ತಲಲ್ಲಿ ತಡಕಾಡುವ ನಮ್ಮಂಥವರ ಸೊಂಟ ಉಳಿದೀತು. ಆದರೆ ಕುಳಿತು ಬಾಳುವ ಕೋಣೆಗೆ ಸ್ವಿಚ್ಚೇ ಸಾಕು. ತರಗತಿಯಿಂದ ಕೊನೆಗೆ ಹೊರಡುವ ಹುಡುಗ ದೀಪ, ಫ್ಯಾನು ಆರಿಸಬೇಕೆಂದು ಮೂವತ್ತು ವರ್ಷ ಹೇಳಿಕೊಟ್ಟವನು ನಾನು. ಆ ಎಚ್ಚರ ಮನುಷ್ಯನದು. ಅದನ್ನು ಗೋಡೆಗೆ ಒಪ್ಪಿಸಲಾರೆ. ಮಗನೇ, ನನ್ನ ಸ್ವಿಚ್ಚನ್ನು ನನಗೆ ಹಿಂದಿರುಗಿಸು.